ಗಡಿಯಾರದವರ ನೀಲಿ ಹೂ

ಜಗತ್ತಿನಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಬಿಚ್ಚಿ ನೋಡಲೆಂದೇ ಅವತರಿಸಿದ ಮಹಾಪುರುಷರು ನಮ್ಮ ಗಡಿಯಾರ ರಿಪೇರಿಯವರು. ರೇಡಿಯೋ ಇರಲಿ, ಇಸ್ತ್ರಿಪೆಟ್ಟಿಗೆ ಇರಲಿ, ಒಲೆಯ ಮೇಲೆ ಕುದಿಯುವ ಪಾತ್ರೆಯೇ ಇರಲಿ, ಮುಚ್ಚಳ ಕಂಡರೆ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. ಹಾಲುಗಲ್ಲದ ವಯಸ್ಸಿನಲ್ಲೇ ತೊಟ್ಟಿಲ ಮೊಳೆ ಸಡಿಲಿಸಿ ಕೆಳಗೆ ಬಿದ್ದಿದ್ದರೆಂದು ಅವರ ತಾಯಿ ಕೊನೆಯವರೆಗೂ ಸಾಧಿಸಿದ್ದರು.

ಇಂಥವರು ಕಾರ್ನ್‌ಫ್ಲವರ್ ಬೆಳೆಸಲು ಹೊರಟರು. ಮನೆಯಾಕೆಗೆ ಆ ಕಡುನೀಲಿ ಹೂವೆಂದರೆ ಪ್ರಾಣ.

"ಹಿತ್ತಲ ತುಂಬ ನೀಲಿ ಹಾಸಿಬಿಡ್ತೀನಿ, ನೋಡ್ತಾ ಇರು."

ಆಕೆ ನಂಬಿದರು. ನಂಬಿ, ಬಿಸಿಲು ಬೀಳುವ ಇದ್ದೊಂದು ಜಾಗದಿಂದ ಬಟ್ಟೆ ಒಣಹಾಕುವ ಹಗ್ಗ ತೆಗೆದುಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ತಮ್ಮ ಅಕ್ಕನಿಗೂ ಹೇಳಿಬಿಟ್ಟರು.

"ನಿನ್ನ ಗಂಡ ಕೈಯಿಟ್ಟದ್ದು ಯಾವುದಮ್ಮ ನೆಟ್ಟಗೆ ಉಳಿದಿದೆ?"

"ಈ ಸಲ ಬಂದು ನೋಡಕ್ಕ. ಹೂ ಬಿಡದಿದ್ರೆ ಇನ್ಮೇಲೆ ನಾನು ಅವರ ಪರ ಬಾಯಿಬಿಟ್ರೆ ಕೇಳು."

ಬೀಜಕ್ಕೆ ಕತ್ತಲೆ ಬೇಕು, ಮಣ್ಣು ಮುಚ್ಚಿ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಮುಚ್ಚಿದರು. ಮರುದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ಒಂದೊಂದೇ ಬೀಜವನ್ನು ಎತ್ತಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹೂತರು. ಅದರ ಮರುದಿನವೂ ಅದೇ.

"ರೀ, ಮೊಳಕೆ ಬಂದ್ರೆ ಅದೇ ಮೇಲೆ ಬರುತ್ತೆ."

"ಒಳಗೆ ಓಡ್ತಿದೆಯೋ ನಿಂತಿದೆಯೋ ಗೊತ್ತಾಗೋದು ಬೇಡ್ವೇನೆ?"

ನಿಂತಿತ್ತು. ಒಂದು ಬಿಡದಂತೆ ಎಲ್ಲವೂ ನಿಂತಿದ್ದವು. ಇನ್ನೊಂದು ಪೊಟ್ಟಣ ಬಂತು. ಅದಕ್ಕೂ ಅದೇ ಶುಶ್ರೂಷೆ, ಅದೇ ಸದ್ಗತಿ. ಮನೆಯೊಳಗೆ ಕುರ್ಚಿ, ಕಪಾಟು, ಕಿಟಕಿಗಳ ಮೇಲೆಲ್ಲ ಒದ್ದೆ ಬಟ್ಟೆ ಜೋತುಬಿದ್ದು ಮುಗ್ಗಲು ವಾಸನೆ ಏರಿತು. ಆಕೆ ಮಾತು ಕಡಿಮೆ ಮಾಡಿದರು. ಬೈಗುಳವಾದರೂ ಬಂದಿದ್ದರೆ ಗಡಿಯಾರದವರು ಬದುಕಿಕೊಳ್ಳುತ್ತಿದ್ದರು.

ಆದರೆ ಚಿಮಟದಿಂದ ಜಾರಿ ಹಿತ್ತಲ ಗೋಡೆಯ ಬುಡಕ್ಕೆ ಬಿದ್ದಿದ್ದ ಒಂದು ಬೀಜ, ಅವರ ಕಣ್ಣಿಗೆ ಬೀಳದ ಪುಣ್ಯದಿಂದ, ಗಿಡವಾಗಿಬಿಟ್ಟಿತ್ತು. ಮೊಗ್ಗೂ ಬಂತು. ತುದಿಯಲ್ಲಿ ನೂಲೆಳೆಯಷ್ಟು ನೀಲಿ. ನೋಡಿದ ಆಕೆಯ ಕಣ್ಣು ತುಂಬಿತು.

"ಒಂದೇ ಆದ್ರೂ ಸಾಕು ಕಣ್ರೀ, ನನ್ನ ಮರ್ಯಾದೆ ಉಳಿಯುತ್ತೆ. ನಾಳೆ ಅಕ್ಕ ಬರ್ತಾಳೆ. ಕೈ ಮುಗೀತೀನಿ, ಅದನ್ನ ಮುಟ್ಟಬೇಡಿ."

"ನನಗೇನು ಬುದ್ಧಿ ಇಲ್ವಾ?"

ಬೆಳಿಗ್ಗೆ ಅಕ್ಕ ಬಂದರು. ಚಪ್ಪಲಿಯನ್ನೂ ಬಿಡಗೊಡದೆ ಮನೆಯಾಕೆ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಗೋಡೆಯ ಬುಡದಲ್ಲಿ ಗಡಿಯಾರದವರು ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಬಿಳಿ ಕರವಸ್ತ್ರ. ಅದರ ಮೇಲೆ ಎಳೆಯ ನೀಲಿ ಎಸಳುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಗಾಳಿಗೆ ಹಾರದಂತೆ ಮೇಲೊಂದು ಕವುಚಿದ ಗಾಜಿನ ಬಟ್ಟಲು. ಗಿಡದ ತಲೆ ಬೋಳಾಗಿತ್ತು.

ಆಕೆ ಅಕ್ಕನ ಕೈ ಬಿಟ್ಟು ಗೋಡೆಗೆ ಒರಗಿದರು.

"ಏನಪ್ಪಾ, ಹೂವೆಲ್ಲಿ?" ಎಂದು ಕೇಳಿದರು ಅಕ್ಕ.

"ಬಿಚ್ಚೋದು ಬಿಚ್ಚಿದೆ ಅಕ್ಕ," ಎಂದರು ಗಡಿಯಾರದವರು. "ಜೋಡಿಸೋಕೆ ಬರ್ತಾ ಇಲ್ಲ."