ಕೆಂಪವ್ವನ ಊಟ

ಭಾನುವಾರ ಬೆಳಿಗ್ಗೆ ಗೌರಮ್ಮನವರು ಅಳಿಯನ ಫ್ರಿಜ್ಜು ತೊಳೆಯಬಾರದಿತ್ತು. ತೊಳೆಯಿರಿ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಮಂಡ್ಯದಿಂದ ಫ್ರೀಮಾಂಟಿಗೆ ಮಗಳ ಮನೆಗೆಂದು ಬಂದು, ನೋಡಬೇಕಾದ ಸೇತುವೆಗಳನ್ನೆಲ್ಲ ನೋಡಿ ಮುಗಿಸಿ, ಕೈ ಸುಮ್ಮನಿರದೆ ಫ್ರಿಜ್ಜಿಗೆ ಇಳಿದಿದ್ದರು.

"ಅತ್ತೆ, ಇಲ್ಲೊಂದು ಹಸಿರು ಬಾಟ್ಲಿ ಇತ್ತಲ್ಲ?" ಎಂದು ಯೋಗಾನಂದ ಕೇಳಿದ.

"ಕೊತ್ತಂಬರಿ ಚಟ್ನಿದಾ? ಕೆಟ್ಟೋಗಿತ್ತು ಕಣಪ್ಪ, ಕೆರೆ ಪಾಚಿ ವಾಸ್ನೆ ಬತ್ತಿತ್ತು. ಸಿಂಕಿಗೆ ಉಯ್ದು ಬಾಟ್ಲಿ ತೊಳ್ದು ಮಡಗಿವ್ನಿ."

ಯೋಗಾನಂದ ಕೈಗೆ ಸಿಕ್ಕ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟ. ಅದು ಚಟ್ನಿಯಾಗಿರಲಿಲ್ಲ, ಪಾಚಿಯೇ ಆಗಿತ್ತು. ಕೆಂಪವ್ವನ ಊಟವಾಗಿತ್ತು.

ಕೆಂಪವ್ವ ಎಂದರೆ ಹೆಂಗಸಲ್ಲ, ಕಪ್ಪೆಚಿಪ್ಪು. ಅಂಗೈಗಿಂತ ಚಿಕ್ಕದಾದ ಎರಡು ಚಿಪ್ಪು, ನಡುವೆ ಕುಂಕುಮದಂಥ ಮೈ, ಅಂಚಿನಲ್ಲಿ ಸದಾ ಅಲ್ಲಾಡುವ ಕೆಂಪು ಎಳೆಗಳು. ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಬಾಯಿ ತೆರೆದು ಕೂರುವುದು, ನೀರನ್ನು ಒಳಗೆಳೆದು ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿಕೊಂಡು ನೀರನ್ನು ಹೊರಗೆ ಬಿಡುವುದು, ಇಷ್ಟೇ ಅದರ ಬದುಕು. ಸಾಕಿದವರು ಬಂಗಾರೆವ್ವ, ಯೋಗಾನಂದನ ಆಫೀಸಿನ ಡೈರೆಕ್ಟರ್ ಗುರುಶಾಂತಪ್ಪನವರ ಹೆಂಡತಿ. ಮಕ್ಕಳು ಕಾಲೇಜಿಗೆಂದು ದೂರ ಹೋದ ಮೇಲೆ ಆಕೆಗೆ ಮಗಳು, ಮೊಮ್ಮಗಳು ಎಲ್ಲ ಈ ಕೆಂಪವ್ವನೇ.

ಶುಕ್ರವಾರ ಸಂಜೆ ಗುರುಶಾಂತಪ್ಪನವರೇ ಪುಟ್ಟ ತೊಟ್ಟಿಯನ್ನು ಕಾರಿನಲ್ಲಿಟ್ಟುಕೊಂಡು ಬಂದಿದ್ದರು. "ಸ್ಯಾಕ್ರಮೆಂಟೊದಾಗ ದೋಸ್ತನ ಹೊಸಾ ಮನಿ ಪೂಜಾ ಐತಿ. ರವಿವಾರ ಸಂಜಿಮುಂದ ಬರ್ತೀವಿ. ನಿನ್ನ ಬಿಟ್ರ ಮತ್ತ್ಯಾರ ಕೈಯಾಗ ಕೊಡ್ಲಿಪಾ ಇದನ್ನ?" ಎಂದಿದ್ದರು.

ಸೋಮವಾರ ಆಫೀಸಿನಲ್ಲಿ ಲೇಆಫು. ಯಾರು ಉಳಿಯಬೇಕು ಎನ್ನುವುದು ಗುರುಶಾಂತಪ್ಪನವರ ಮಾತಿನ ಮೇಲೆ. ಯೋಗಾನಂದನ ಕೆಲಸ ಹೋದರೆ ವೀಸಾ ಹೋಗುತ್ತಿತ್ತು. ಆ ವೀಸಾದ ಮೇಲೆ ನಿಂತಿದ್ದ ಹೆಂಡತಿ ತೇಜಸ್ವಿನಿಯ ಕೆಲಸವೂ ಹೋಗುತ್ತಿತ್ತು. ಇಡೀ ಸಂಸಾರ ಹೋಗಿ ಒಂದು ಕಪ್ಪೆಚಿಪ್ಪಿನ ಬಾಯಲ್ಲಿ ಕೂತಿತ್ತು.

ಆಗಲೇ ಫೋನು ಬಡಿದುಕೊಂಡಿತು. ಬಂಗಾರೆವ್ವನವರು. "ಕೆಂಪವ್ವ ಉಂಡ್ಲೇನ್ರಿ? ಉಣ್ಣೂದು ಒಂದ್ ವಿಡಿಯೋ ಮಾಡಿ ಕಳಸ್ರಿ. ನೋಡೂತನಕ ನನಗ ನಾಷ್ಟಾ ಇಳಿಯೂದಿಲ್ಲ."

ಅಕ್ವೇರಿಯಮ್ ಅಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಬಾಗಿಲು ತೆರೆದಿದ್ದವನು ಪಕ್ಕದ ಅಪಾರ್ಟ್‌ಮೆಂಟಿನ ವ್ಯಾಸರಾಜ. ಬರ್ಕ್ಲಿಯಲ್ಲಿ ರಸ್ತೆ ಡಾಂಬರಿನ ಮೇಲೆ ಪಿಎಚ್‌ಡಿ ಮಾಡಿದವನು. ಡಾಂಬರೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತಾಡುತ್ತಿದ್ದ. ಗಲಾಟೆ ಕೇಳಿ ಕಾಫಿ ಲೋಟ ಹಿಡಿದುಕೊಂಡೇ ಒಳಗೆ ಬಂದ.

"ಇದು ಫಿಲ್ಟರ್ ಫೀಡರು ಕಣ್ರೀ. ಅಂದ್ರೆ ಜರಡಿ ಹಿಡಿಯೋ ಪ್ರಾಣಿ. ನೀರಲ್ಲಿ ತೇಲೋ ಸಣ್ಣ ಕಣ ಸಿಕ್ರೆ ಸಾಕು ಅದಕ್ಕೆ. ಪಾಚಿನೇ ಆಗ್ಬೇಕು ಅಂತ ಏನಿಲ್ಲ, ಸೈಜು ಮುಖ್ಯ" ಎಂದ.

"ಹಲ್ಲಿಲ್ವಾ ಅದ್ಕೆ?" ಎಂದರು ಗೌರಮ್ಮ.

"ಇಲ್ಲ ಅಮ್ಮ."

"ಅಯ್ಯೋ ಶಿವ್ನೇ, ಹಂಗಾದ್ರೆ ರಾಗಿ ಸರಿ ಕುಡಿಸೋದಪ್ಪ! ಮೊಳಕೆ ಕಟ್ಟಿ, ಬೀಸಿ, ತೆಳ್ಳನೆ ಬಟ್ಟೇಲಿ ಸೋಸಿ ತಂದಿವ್ನಿ. ತೇಜುನ ಬೆಳೆಸಿದ್ದೇ ಅದ್ರಲ್ಲಿ."

"ಬಟ್ಟೇಲಿ ಸೋಸಿದ್ದು ಅಂದ್ರೆ ಮೈಕ್ರಾನ್ ಲೆವೆಲ್ಲು!" ಎಂದು ವ್ಯಾಸರಾಜ ಲೋಟ ಕೆಳಗಿಟ್ಟ. "ಪರ್ಫೆಕ್ಟು."

ತೇಜಸ್ವಿನಿ ಮಾತ್ರ, "ಯೋಗಿ, ಬೇಡ. ಅಂಗಡಿ ತೆಗೆಯೋವರೆಗೂ ಕಾಯಿ" ಎಂದಳು. ಹೆಂಡತಿಯ ಮಾತು ಕೇಳುವ ಅಭ್ಯಾಸ ಯೋಗಾನಂದನಿಗೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊದಲ ಚಮಚೆಗೆ ಕೆಂಪವ್ವ ಬಾಯಿ ತೆರೆದೇ ಇದ್ದಳು. ವಿಡಿಯೋ ಹೋಯಿತು, ಬಂಗಾರೆವ್ವನವರಿಂದ ಕೈಮುಗಿಯುವ ಚಿತ್ರ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯೋಗಾನಂದ ಸ್ನಾನಕ್ಕೆ ಹೋದಾಗ ಗೌರಮ್ಮನವರಿಗೆ ಕನಿಕರ ಉಕ್ಕಿ, ಮಗು ಇನ್ನೂ ಬಾಯಿ ಬಿಟ್ಟುಕೊಂಡಿದೆಯಲ್ಲ ಎಂದು ಒಂದು ಬಟ್ಟಲು ಪೂರ್ತಿ ಸುರಿದರು.

ಅವನು ಹೊರಗೆ ಬರುವಷ್ಟರಲ್ಲಿ ತೊಟ್ಟಿ ಅಂಬಲಿಯಾಗಿತ್ತು. ನೀರು ತಿರುಗಿಸುವ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಕೆಂಪವ್ವ ಚಿಪ್ಪು ಮುಚ್ಚಿಕೊಂಡಳು. ನಂಜಾಗದಿರಲಿ ಎಂದು ಗೌರಮ್ಮ ಚಿಟಿಕೆ ಅರಿಶಿನ ಹಾಕಿದರು. ಸಮುದ್ರದ ಪ್ರಾಣಿಗೆ ಉಪ್ಪೇ ಔಷಧಿ ಎಂದು ವ್ಯಾಸರಾಜ ಅಡುಗೆ ಉಪ್ಪು ಸುರಿದ. ಯೋಗಾನಂದ ಬೇಡ ಬೇಡ ಎನ್ನುತ್ತಾ ಇಬ್ಬರ ಕೈಯನ್ನೂ ಹಿಡಿದುಕೊಳ್ಳಲು ಹೋಗಿ ಯಾರ ಕೈಯನ್ನೂ ಹಿಡಿಯಲಾರದೆ ಹೋದ. ಊಟದ ಹೊತ್ತಿಗೆ ಚಿಪ್ಪು ತಾನಾಗಿ ತೆರೆದುಕೊಂಡಿತು. ಕೆಂಪು ಎಳೆಗಳು ನೆನೆದ ದಾರದಂತೆ ಜೋತುಬಿದ್ದಿದ್ದವು.

"ನೋಡಿ, ಬಾಯಿ ಬಿಟ್ಳು! ಹುಷಾರಾದ್ಲು" ಎಂದ ವ್ಯಾಸರಾಜ.

"ಅದು ಸತ್ತಿದೆ" ಎಂದಳು ತೇಜಸ್ವಿನಿ.

ವ್ಯಾಸರಾಜನಿಗೆ ತಕ್ಷಣ ಒಂದು ಮೀಟಿಂಗು ನೆನಪಾಯಿತು. ಭಾನುವಾರದ ಮೀಟಿಂಗು. ಗೌರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಂಪವ್ವನನ್ನು ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಹೂತು, ಮೇಲೊಂದು ಹೂವಿಟ್ಟರು. ಯೋಗಾನಂದನಿಗೆ ಅಳು ಬಂತು. ಅದು ಚಿಪ್ಪಿಗೋ ತನಗೋ ಎಂದು ಅವನಿಗೇ ಗೊತ್ತಾಗಲಿಲ್ಲ.

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಊರೆಲ್ಲ ಫೋನು ಮಾಡಿದ ಮೇಲೆ ಓಕ್ಲ್ಯಾಂಡಿನ ಒಂದು ಅಂಗಡಿಯಲ್ಲಿ ಅಂಥದ್ದೇ ಒಂದು ಇದೆ ಎಂದು ತಿಳಿಯಿತು. ಫ್ರೀವೇಯಲ್ಲಿ ಕಾರುಗಳು ಇರುವೆ ಸಾಲಿನಂತೆ ಹರಿದಾಡುತ್ತಿದ್ದವು. ಅಂಗಡಿಯ ಹುಡುಗಿ ಚಿಪ್ಪನ್ನು ನೀರಿನ ಚೀಲಕ್ಕೆ ಹಾಕುತ್ತಾ ಮೊದಲೇ ಎಚ್ಚರಿಸಿದಳು: ಮನೆಯ ತೊಟ್ಟಿಯಲ್ಲಿ ಇವು ಉಳಿಯುವುದು ಕಷ್ಟ, ಹೊಟ್ಟೆಗೆ ಸಾಲದೆ ದಿನದಿನವೂ ಸೊರಗುತ್ತವೆ, ಹೊರಗಿನಿಂದ ನೋಡುವವರಿಗೆ ಕೊನೆಯವರೆಗೂ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ನಮ್ಮ ಆಫೀಸಿನಲ್ಲೂ ಹಾಗೇ ಎಂದುಕೊಂಡು ಯೋಗಾನಂದ ದುಡ್ಡು ಕೊಟ್ಟ. ಹಸಿರು ಬಾಟ್ಲಿ, ಹದಮಾಡಿದ ಉಪ್ಪುನೀರು ಎಲ್ಲ ಹೊತ್ತುಕೊಂಡು ಬಂದು, ತೊಟ್ಟಿ, ಮೋಟಾರು ಎಲ್ಲ ತಿಕ್ಕಿ ತೊಳೆದು, ಹೊಸ ಕೆಂಪವ್ವನನ್ನು ಹಳೆಯ ಜಾಗದಲ್ಲಿ ಕೂರಿಸಿದ. ಅವಳು ಬಾಯಿ ತೆರೆಯುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

"ಅಯ್ಯ ನನ್ನ ಬಂಗಾರಾ! ಮೈಕೈ ತುಂಬ್ಕೊಂಡಾಳ ನೋಡ್ರಿ! ನಾಕ ಪಟ್ಟು ಬಣ್ಣಾ ಬಂದೈತಿ!" ಬಂಗಾರೆವ್ವನವರು ತೊಟ್ಟಿಗೆ ಕೆನ್ನೆ ಹಚ್ಚಿ ನಿಂತುಬಿಟ್ಟರು.

ಗುರುಶಾಂತಪ್ಪನವರ ಮುಖ ಮಾತ್ರ ಸಪ್ಪಗಾಯಿತು. "ಯೋಗಾನಂದ, ಸ್ವಲ್ಪ ಹೊರಗ ಬಾ" ಎಂದರು. ಯೋಗಾನಂದ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಹೋದ. ಗೊತ್ತಾಗಿಹೋಯಿತು ಎಂದುಕೊಂಡ.

ಪಾರ್ಕಿಂಗಿನಲ್ಲಿ ಅವರು ಕಾರಿಗೆ ಒರಗಿ ನಿಂತರು. "ಅದು ಹೆಂಗ ಬದುಕ್ತಪಾ?"

"ಸರ್?"

"ನೀ ಮುಟ್ಟಿದ್ದು ಇವತ್ತಿನತನಕ ಯಾವುದು ಉಳದೈತಿ? ಎರಡ ಸರ್ವರು ಮಲಗಿಸಿದಿ. ಅದಕ್ಕ ಹುಡುಕಿ ನಿನ್ನ ಕೈಯಾಗ ಕೊಟ್ಟಿದ್ದೆ." ಅವರು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಮುಂದುವರಿಸಿದರು. "ಸೋಮವಾರ ಕೆಲಸ ಹೋಗಾವ್ರ ಹೆಸರೆಲ್ಲಾ ಕಂಪನ್ಯಾವ್ರು ನನ್ನ ಕಡಿಂದನ ಬರಸ್ಕೊಂಡ್ರು. ಆಮ್ಯಾಲ ಅದ್ರಾಗ ನನ್ನ ಹೆಸರೂ ಸೇರಿಸಿದ್ರು. ಟೆಕ್ಸಾಸದಾಗ ನನ್ನ ತಮ್ಮ ಒಂದ ಕೆಲಸ ನೋಡ್ಯಾನ, ಮನಿ ಮಾರಿ ಹೋಗಬೇಕು. ಇಕಿ ಆ ಚಿಪ್ಪ ಬಿಟ್ಟು ಬರಂಗಿಲ್ಲ ಅಂತಾಳ, ಅಷ್ಟ ದೂರ ಕಾರಿನ್ಯಾಗ ಒಯ್ದ್ರ ಸಾಯ್ತೈತಂತ. ನಾನ ಕೊಲ್ಲಾಕ ಆಗ್ತದೇನು? ಇರಿವಿ ತುಳದಾವಲ್ಲ ನಾ. ನೀ ತಿಳೀದ ಕೊಂದಿದ್ರ ಇಬ್ರಿಗೂ ಪಾಪ ಬರ್ತಿರಲಿಲ್ಲ."

ಯೋಗಾನಂದನಿಗೆ ಕರಿಬೇವಿನ ಕುಂಡವನ್ನು ಅಗೆದು ತಂದು ತೋರಿಸಿಬಿಡಲೇ ಎನ್ನಿಸಿತು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇತ್ತು. "ಸರ್, ಆ ಹೆಸರುಗಳಲ್ಲಿ ನನ್ನದು..."

ಅಷ್ಟರಲ್ಲಿ ಬಂಗಾರೆವ್ವನವರು ಕಣ್ಣು ತುಂಬಿಕೊಂಡು ಮೆಟ್ಟಿಲಿಳಿದು ಬಂದರು. "ಏನ್ರೀ, ನಾ ಟೆಕ್ಸಾಸಕ್ಕ ಬರ್ತೇನಿ. ಕೆಂಪವ್ವನ್ನ ಇವ್ರ ಹತ್ರನ ಬಿಡೂಣು. ನನ್ನ ಕೈಯಾಗ ಇಷ್ಟ ಚಂದ ಯಾವತ್ತೂ ಇರಲಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಚಿಂತೆಗೆ ಬಿದ್ದರು. "ಆದ್ರ ಹಗಲೊತ್ತಿನ್ಯಾಗ ಇಬ್ರೂ ಆಫೀಸಿಗೆ ಹೋಗ್ತಾರ. ಹೊತ್ತೊತ್ತಿಗೆ ಅದಕ್ಕ ಉಣಸಾವ್ರು ಯಾರು?"

ಗುರುಶಾಂತಪ್ಪನವರು ಯೋಗಾನಂದನನ್ನು ಒಂದು ಗಳಿಗೆ ನೋಡಿ, ದೃಷ್ಟಿ ಬೇರೆ ಕಡೆ ತಿರುಗಿಸಿದರು.

"ಅದರ ಚಿಂತಿ ಬಿಡು" ಎಂದರು ಹೆಂಡತಿಗೆ. "ನಾಳಿಂದ ಇವ್ರಿಬ್ರೂ ಮನ್ಯಾಗ ಇರ್ತಾರ."