ಫಕೀರಪ್ಪ ಪರದೆ ಮುಚ್ಚಿದ್ದು

ಫಕೀರಪ್ಪನ ಅಂದಿನ ಫಜೀತಿಗೆಲ್ಲ ಕಾರಣ ಒಂದೇ ಒಂದು ಪ್ಲಸ್ ಚಿಹ್ನೆ. ಅದನ್ನು ಒತ್ತಲು ಹೇಳಿಕೊಟ್ಟವನು ಪಕ್ಕದ ಮೇಜಿನ ಓಂಕಾರ್.

ಭೋಸರಿಯ ಪಂಪು ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಫಕೀರಪ್ಪ ಬಹಳ ವರ್ಷ ಮರದ ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದವನು. ತೊಂಬತ್ತೇಳರಲ್ಲಿ ಹಲಗೆಗಳು ಗುಜರಿಗೆ ಹೋಗಿ ಕಂಪ್ಯೂಟರುಗಳು ಬಂದವು. ನಕ್ಷೆ ಬರೆಯುವ ಪ್ರೋಗ್ರಾಮು ಓಡುವುದು ಗಾಜಿನ ಕೋಣೆಯ ದೊಡ್ಡ ಯಂತ್ರದಲ್ಲಿ. ಅದರ ಕಿಟಕಿ ತೆರೆಯುವುದು ಇವರ ಮೇಜಿನ ಪರದೆಯ ಮೇಲೆ. ಆದರೆ ಯಾವ ಯಂತ್ರ ತನ್ನ ಪರದೆಗೆ ಬರಬಹುದು ಎಂದು ದಿನವೂ ಅದರ ಹೆಸರು ಬರೆದು ಅಪ್ಪಣೆ ಕೊಡಬೇಕು. ದೊಡ್ಡ ಯಂತ್ರದ ಹೆಸರೋ, ನಡುನಡುವೆ ಚುಕ್ಕೆ, ಗೆರೆ, ಅಂಕಿ ಸೇರಿಕೊಂಡ ಗೂಡ್ಸ್ ಗಾಡಿಯಷ್ಟು ಉದ್ದದ ಇಂಗ್ಲಿಷ್ ಹೆಸರು. ಫಕೀರಪ್ಪನಿಗೆ ಅದು ಒಂದು ದಿನವೂ ಸರಿಯಾಗಿ ನೆನಪಾದದ್ದಿಲ್ಲ.

"ಅಷ್ಟ್ಯಾಕ ತಲಿ ಕೆಡಿಸ್ಕೋತೀರಿ ಕಾಕಾ? ಎಕ್ಸ್‌ಹೋಸ್ಟ್ ಅಂತ ಬರೀರಿ, ಮುಂದ ಒಂದು ಪ್ಲಸ್ ಹಾಕ್ರಿ. ಯಾರ ಬೇಕಾದ್ರೂ ಬರ್ಲಿ, ಹೋಗ್ಲಿ. ನಾವೆಲ್ಲಾರೂ ಹಂಗ ಮಾಡೋದು," ಎಂದ ಬೆಳಗಾವಿಯ ಓಂಕಾರ್.

ಫಕೀರಪ್ಪ ಪ್ಲಸ್ ಹಾಕಿದ. ನಕ್ಷೆ ಥಟ್ಟನೆ ಬಂದು ಪರದೆಯ ಮೇಲೆ ಕೂತಿತು. ಅವನಿಗೆ ಕೈ ಮುಗಿಯುವಷ್ಟು ಸಂತೋಷವಾಯಿತು.

ಸಂತೋಷಕ್ಕೆ ಕಾರಣವಿತ್ತು. ಹೆಡ್ ಆಫೀಸಿನ ಕಂಪ್ಯೂಟರ್ ಅಧಿಕಾರಿ ಮಾರ್ತಾಂಡರಾಯರು ಅಂದೇ ತಪಾಸಣೆಗೆ ಬಂದಿದ್ದರು. ಬೆಳಿಗ್ಗೆಯೇ ಬಂದು ಗಾಜಿನ ಕೋಣೆ ಹೊಕ್ಕವರು ಇನ್ನೂ ಹೊರಗೆ ಬಂದಿರಲಿಲ್ಲ. ಕಂಪ್ಯೂಟರ್ ಬಾರದವರನ್ನು ಶಿರೂರಿನ ಗೋದಾಮಿಗೆ ಎತ್ತಿಹಾಕುತ್ತಾರೆ ಎಂಬ ಸುದ್ದಿ ಚಹಾದ ಲೋಟಗಳ ಜತೆ ಮೇಜಿಂದ ಮೇಜಿಗೆ ಓಡಾಡಿತ್ತು. ಗೋದಾಮಿನಲ್ಲಿ ಕೂರಲು ಫಕೀರಪ್ಪನಿಗೆ ನಾಚಿಕೆಯೇನೂ ಇರಲಿಲ್ಲ. ಆದರೆ ಹೆಂಡತಿ ಕಾಶವ್ವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಂಜೆ ಖಡಕಿಯ ಆಸ್ಪತ್ರೆಯಲ್ಲಿ ಅವಳ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರಬೇಕು. ಭೋಸರಿಯಿಂದ ಖಡಕಿಗೆ ರಿಕ್ಷಾ ಹಿಡಿದು ಓಡಬಹುದು. ಬಸ್ಸಿನಲ್ಲಿ ಎರಡು ತಾಸು ದೂರದ ಶಿರೂರಿನಿಂದ ಓಡುವುದು ಹೇಗೆ? ಮಕ್ಕಳಿಲ್ಲದ ಮನೆ, ಅವಳ ಪಕ್ಕದಲ್ಲಿ ಕೂರಲು ಇನ್ನೊಬ್ಬರಿಲ್ಲ.

ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಎಲ್ಲರೂ ಅವನಿಗೆ ಸಹಾಯ ಮಾಡಲು ನಿಂತರು. ಅನಾಹುತ ಶುರುವಾದದ್ದೇ ಆಗ.

ಮೊದಲು ಮುಕ್ತಾ, ಎದುರು ಸಾಲಿನ ಇಂಜಿನಿಯರ್, ತನ್ನ ಯಂತ್ರದಿಂದ ಇವನ ಪರದೆಗೆ ಒಂದು ಹಳದಿ ಕಿಟಕಿ ಕಳಿಸಿದಳು: "ಕಾಕಾ, ಹೆದರಬ್ಯಾಡ್ರಿ. ಸಾವಕಾಶ ಮಾಡ್ರಿ." ಅದು ನೇರವಾಗಿ ನಕ್ಷೆಯ ನಟ್ಟನಡುವೆ ಕೂತಿತು. ಹೊತ್ತು ತಪ್ಪಬಾರದೆಂದು ಯಾರೋ ದೊಡ್ಡ ಗಡಿಯಾರ ಕಳಿಸಿದರು. ಕಾಕಾ ನಗಲಿ ಎಂದು ಓಂಕಾರ್ ಎರಡು ಕಣ್ಣು ಕಳಿಸಿದ. ಬಾಣದ ಗುರುತು ಎಲ್ಲಿ ಸರಿದರೆ ಅಲ್ಲಿಗೆ ಆ ಕಣ್ಣುಗಳು ಹೊರಳುತ್ತಿದ್ದವು, ಹೊಸ ಸೊಸೆ ತುಪ್ಪದ ಡಬ್ಬಿಗೆ ಕೈಹಾಕಿದಾಗ ಅತ್ತೆಯ ಕಣ್ಣು ಹೊರಳಿದ ಹಾಗೆ. ಕೊನೆಗೆ ಎಲ್ಲಿಂದಲೋ ಹಿಮ ಬೀಳತೊಡಗಿತು. ಪಂಪಿನ ಮೇಲೆ, ಗಡಿಯಾರದ ಮೇಲೆ, ಮುಕ್ತಾಳ ಧೈರ್ಯದ ಮಾತಿನ ಮೇಲೆ ಬೆಳ್ಳಗೆ ಗುಡ್ಡೆಯಾಯಿತು.

"ಓಂಕಾರ್, ಕಣ್ಣು ತಗೀಪಾ, ನನಗ ಗೆರಿ ಕಾಣವಲ್ದು," ಎಂದ ಫಕೀರಪ್ಪ.

"ಮೂಲ್ಯಾಗ ಒತ್ರಿ ಕಾಕಾ, ತಾನ ಹೋಗ್ತದ."

ಫಕೀರಪ್ಪ ಮೂಲೆಯಲ್ಲಿ ಒತ್ತಿದ. ಕಣ್ಣು ಹೋಗಲಿಲ್ಲ, ನಕ್ಷೆ ಹೋಯಿತು. ಬೆಳಗಿನಿಂದ ತಿದ್ದಿದ್ದನ್ನೆಲ್ಲ ಉಳಿಸಿಕೊಳ್ಳದೆಯೇ ಹೋಯಿತು.

ತಲೆ ನೆರೆತ ಗಂಡಸು ಹಿಮ ನೋಡುತ್ತ ಅಳುವುದನ್ನು ಯಾರೂ ಕಾಣದಿರಲೆಂದು ಅವನು ಮೇಜಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿದ. ಎದ್ದಾಗ ಒಂದು ನಿರ್ಧಾರ ಮಾಡಿದ್ದ. ಪ್ಲಸ್ ಎಲ್ಲರನ್ನೂ ಬರಗೊಡುವುದಾದರೆ ಮೈನಸ್ ತಡೆಯಲೇಬೇಕು. ಮೈನಸ್ ಹಾಕಿದ.

ಒಳಗೆ ಬಂದಿದ್ದ ಒಬ್ಬರೂ ಕದಲಲಿಲ್ಲ. ಮೈನಸ್ ಹೊಸಬರನ್ನಷ್ಟೇ ತಡೆಯುತ್ತಿತ್ತು. ಆಗಲೇ ಎಲೆಯ ಮುಂದೆ ಕೂತ ನೆಂಟರನ್ನು ಎಬ್ಬಿಸುತ್ತಿರಲಿಲ್ಲ. ಫಕೀರಪ್ಪ ಸಿಟ್ಟಿನಿಂದ ಎಲ್ಲವನ್ನೂ ಬಂದ್ ಮಾಡಿ ಹೊಸದಾಗಿ ಒಳಹೊಕ್ಕ. ಪರದೆ ಖಾಲಿಯಾಯಿತು. ಯಾವುದಕ್ಕೂ ಇರಲಿ ಎಂದು ಇನ್ನೊಂದು ಮೈನಸ್ ಒತ್ತಿದ.

ಅಷ್ಟರಲ್ಲಿ ಮಾರ್ತಾಂಡರಾಯರು ಬಂದು ಬೆನ್ನ ಹಿಂದೆ ನಿಂತರು.

"ಫಕೀರಪ್ಪನವರ, ತೆರೀರಿ ನಿಮ್ಮ ನಕ್ಷೆ."

ಅವನು ದೊಡ್ಡ ಯಂತ್ರಕ್ಕೆ ಹೇಳಿದ. ಈ ಪರದೆಗೆ ಬರಲು ಅಪ್ಪಣೆಯಿಲ್ಲ ಎಂಬ ಉತ್ತರ ಬಂತು. ಮತ್ತೆ ಹೇಳಿದ. ಮತ್ತೆ ಅದೇ ಉತ್ತರ. ಊರವರನ್ನೆಲ್ಲ ಹೊರಗಿಡಲು ಹೋಗಿ ತನ್ನ ನಕ್ಷೆಯನ್ನೂ ಹೊರಗೆ ನಿಲ್ಲಿಸಿದ್ದ. ಒಳಗೆ ಕರೆಯೋಣವೆಂದರೆ ಆ ಉದ್ದನೆಯ ಹೆಸರು ನೆನಪಿಲ್ಲ. ರಾಯರ ಕಣ್ಣೆದುರಿಗೆ ಪ್ಲಸ್ ಹಾಕಲು ಧೈರ್ಯವಿಲ್ಲ. ಬೆವರು ಕೀಲಿಗಳ ಮೇಲೆ ತೊಟ್ಟಿಕ್ಕಿತು.

"ಇದನ್ನ ಮುಚ್ಚಿದವರು ಯಾರು?" ರಾಯರು ಕೇಳಿದರು.

"ನಾನರೀ ಸರ್. ತಪ್ಪಾತ್ರಿ."

"ತಪ್ಪು?" ರಾಯರು ಆಫೀಸಿಗೆಲ್ಲ ಕೇಳುವಂತೆ ದನಿ ಎತ್ತಿದರು. "ಮುಂಜಾನಿಂದ ಆ ಕೋಣ್ಯಾಗ ಕೂತು ನಿಮ್ಮೆಲ್ಲಾರ ಪರದೆ ನೋಡಾಕತ್ತೀನಿ. ಯಾರ ನಕ್ಷೆ ಬೇಕಾದ್ರೂ ಕದ್ದು ಒಯ್ಯಬಹುದು, ಒಬ್ಬರೂ ಬಾಗಲಾ ಹಾಕಿಲ್ಲ! ಇವರ ಪರದಿ ಮ್ಯಾಲೆ ಹಿಮ ಬೀಳೋದೂ ನೋಡಿದೆ. ಆಮ್ಯಾಲೆ ಒಮ್ಮಿಗೇ ಎಲ್ಲಾ ಬಂದ್. ನನಗೂ ಒಳಗ ಹೋಗಾಕ ಆಗಲಿಲ್ಲ. ಇಡೀ ಆಫೀಸಿನ್ಯಾಗ ಒಬ್ಬರಿಗೆ ಬುದ್ಧಿ ಅದ."

ಓಂಕಾರ್ ಬಾಯಿ ತೆರೆದು ನಿಂತ. ಮುಕ್ತಾ ಚಪ್ಪಾಳೆ ತಟ್ಟಿಯೇಬಿಟ್ಟಳು. ಫಕೀರಪ್ಪನಿಗೆ ಕಾಶವ್ವನ ಮುಖ ಕಣ್ಣಿಗೆ ಕಟ್ಟಿತು. ತುಸು ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ.

"ಶಿರೂರಿನ್ಯಾಗ ಹೊಸಾ ನಕ್ಷೆ ವಿಭಾಗ ಶುರು ಮಾಡಾಕತ್ತೇವಿ," ರಾಯರು ಅವನ ಭುಜ ತಟ್ಟಿದರು. "ಅಲ್ಲೀ ಕಂಪ್ಯೂಟರ್ ಎಲ್ಲಾ ನಿಮ್ಮ ಕೈಯಾಗ. ಬಡ್ತಿ ಕೊಟ್ಟು ಕಳಸ್ತೀನಿ. ಬರೋ ತಿಂಗಳಿಂದನ."

"ಸರ್, ನನಗ ಏನೂ ತಿಳಿಯಂಗಿಲ್ರಿ. ಸುಮ್ನ ಒತ್ತೀನ್ರಿ..."

"ಈ ವಿನಯನ ನನಗ ಭಾಳ ಹಿಡಿಸ್ತು."

"ನನ್ನ ಹೆಂಡ್ತೀಗೆ ಆರಾಮಿಲ್ರಿ. ಆಕಿಗೆ ಬೇಕಾದ ಮಶೀನು ಅಲ್ಲಿ ಇಲ್ರಿ ಸರ್."

ರಾಯರು ಕೆಟ್ಟ ಮನುಷ್ಯರಲ್ಲ. "ಒಂದೆರಡು ವರ್ಷ ಹೆಂಗರ ಮಾಡ್ರಿ. ಆಮ್ಯಾಲೆ ನೋಡೂಣು," ಎಂದು ಮುಂದಿನ ಮೇಜಿಗೆ ಸರಿದರು. ಪರದೆ ತೆರೆದಿಟ್ಟಿದ್ದ ಓಂಕಾರ್, ಮುಕ್ತಾ ಸಂಜೆಯವರೆಗೆ ಬೈಸಿಕೊಂಡರು. ಬೈಸಿಕೊಂಡವರೆಲ್ಲ ಭೋಸರಿಯಲ್ಲೇ ಉಳಿದರು.

ಆ ಸಂಜೆ ಫಕೀರಪ್ಪ ಆಸ್ಪತ್ರೆ ಮುಟ್ಟುವ ಮೊದಲೇ ಓಂಕಾರ್ ಅಲ್ಲಿಗೆ ಫೋನು ಮಾಡಿ ಬಡ್ತಿಯ ಸುದ್ದಿ ಹೇಳಿದ್ದ. ನರ್ಸು "ಪೇಡೆ ಕುಠೇ, ಕಾಕಾ?" ಎಂದು ಮರಾಠಿಯಲ್ಲಿ ಸಿಹಿ ಕೇಳಿ ಕೈ ಚಾಚಿದಳು. ಅಕ್ಕಪಕ್ಕದ ಮಂಚದವರು ಮಲಗಿದಲ್ಲಿಂದಲೇ ಕೈ ಎತ್ತಿ ಅಭಿನಂದನೆ ಹೇಳಿದರು. ಫಕೀರಪ್ಪ ಎಲ್ಲರಿಗೂ ತಲೆಯಾಡಿಸಿ ಸ್ಟೂಲಿನ ಮೇಲೆ ಕೂತ.

"ಎಲ್ಲಿಗೆ ಹಾಕ್ಯಾರ್ರಿ?" ಕಾಶವ್ವ ಮೆಲ್ಲಗೆ ಕೇಳಿದಳು.

"ಶಿರೂರಿಗೆ."

"ಬಸ್ಸು ಭಾಳ ಇರ್ತಾವೇನ್ರೀ?"

"ಭಾಳ ಅದಾವ," ಎಂದ. ಒಂದನ್ನೂ ವಿಚಾರಿಸಿರಲಿಲ್ಲ.

ನರ್ಸು ಸೂಜಿ ತಂದಳು. ಸೂಜಿ ಚುಚ್ಚುವಾಗ ಕಾಶವ್ವ ಗಂಡನ ಎರಡು ಬೆರಳು ಗಟ್ಟಿಯಾಗಿ ಹಿಡಿಯುವುದು ವಾಡಿಕೆ. ಫಕೀರಪ್ಪ ಕೈ ಮುಂದೆ ಮಾಡಿದ. ಅವಳು ತನ್ನ ಕೈಯನ್ನು ಚಾದರದೊಳಗೆ ಎಳೆದುಕೊಂಡಳು.

"ಬ್ಯಾಡ್ರಿ ಇವತ್ತ," ಎಂದಳು. "ರೂಢಿ ಮಾಡ್ಕೋತೀನಿ."