ಚಿಕ್ಕಪ್ಪನ ನಾಲ್ಕು ಕನೆಕ್ಟಿಂಗ್ ರಾಡುಗಳು

ನಮ್ಮ ಚಿಕ್ಕಪ್ಪನಿಗೆ ಮದುವೆಯಾಗದೆ ಹೋದದ್ದು ಒಂದು ಕನೆಕ್ಟಿಂಗ್ ರಾಡಿನಿಂದ ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಮನೆಯವರೆಲ್ಲ ಅದನ್ನು ಒಂದೇ ಥರ ಹೇಳುವುದರಿಂದ ನನ್ನ ಅನುಮಾನ ಇನ್ನೂ ಜಾಸ್ತಿ! ಬ್ಯಾಟರಾಯನಪುರಕ್ಕೆ ಹೆಣ್ಣು ನೋಡಲು ಹೋಗಿದ್ದರಂತೆ. ಕೇಸರಿಬಾತು, ಬೋಂಡ ಮುಗಿಯಿತು. ಹುಡುಗಿ ಬಂದು ಕೂತಳು. ಇವರ ಕಣ್ಣು ಮಾತ್ರ ಕಿಟಕಿಯಾಚೆ ನಿಂತಿದ್ದ ಹಳೇ ಕಾರಿನ ಮೇಲೆ. ಹುಡುಗಿಯ ಅಪ್ಪ, "ಏನ್ ಅಭಿಪ್ರಾಯ, ಹೇಳಿ" ಎಂದರೆ ಇವರು, "ಮೊದ್ಲು ಆ ಗಾಡಿ ಎಂಜಿನ್ ಬಿಚ್ಚಿ ನೋಡೋಣ ಸಾರ್, ರಾಡ್ ಒರಿಜಿನಲ್ ಅನ್ಸಲ್ಲ. ಹುಡುಗಿ ವಿಷ್ಯ ಆಮೇಲೆ" ಎಂದರಂತೆ. ಆ 'ಆಮೇಲೆ' ಬರಲೇ ಇಲ್ಲ.

ಕನೆಕ್ಟಿಂಗ್ ರಾಡು ಎಂದರೆ ಎಂಜಿನ್ನಿನ ಹೊಟ್ಟೆಯೊಳಗೆ, ಪಿಸ್ಟನ್ನಿನ ಕೆಳಗೆ ಕುಣಿಯುವ ಉಕ್ಕಿನ ತೋಳು. ಕಾರಿನ ಮಾಲೀಕ ಸಾಮಾನ್ಯವಾಗಿ ಅದನ್ನು ನೋಡದೆಯೇ ಸಾಯುತ್ತಾನೆ. ನಮ್ಮ ಕರುಳನ್ನು ನಾವು ನೋಡುತ್ತೇವೆಯೇ? ಚಿಕ್ಕಪ್ಪನಿಗೆ ಮಾತ್ರ ಅದೇ ಕಾರಿನ ನಿಜವಾದ ಮುಖ. ಬಣ್ಣ, ಸೀಟು, ಹಾರನ್ನು, ಎಲ್ಲ ವೇಷ. "ನಂಬರ್ ಯಾವ್ ಗ್ಯಾರೇಜಲ್ಲಾದ್ರೂ ಕೊರೀತಾರೆ ಕಣೋ. ರಾಡ್ ಮೈಮೇಲೆ ಉಬ್ಬಿರೋ ಕಂಪ್ನಿ ಗುರುತಿದೆಯಲ್ಲ, ಅದು ಫ್ಯಾಕ್ಟರೀಲಿ ಹುಟ್ಟುವಾಗ್ಲೇ ಬರ್ಬೇಕು. ಅದಿದ್ರೆ ಒರಿಜಿನಲ್, ಇಲ್ದಿದ್ರೆ ಇಲ್ಲ." ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರ ವೇದಾಂತ ಇಷ್ಟೇ.

ಈ ವಿಷಯದಲ್ಲಿ ಅವರ ಹತ್ತಿರ ದಾಕ್ಷಿಣ್ಯ ಕೇಳಲೇಬೇಡಿ. ಯಲಹಂಕದಲ್ಲಿ ಒಂದು ಭಾನುವಾರ ಹಳೇ ಕಾರಿನವರೆಲ್ಲ ಸೇರಿದ್ದರು. ಒಬ್ಬಾತ ಎಂಜಿನ್ನಿನ ಭಾಗಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, "ನಮ್ ತಂದೆ ಕಾಲದ್ದು, ಏನೂ ಬದಲಾಯ್ಸಿಲ್ಲ" ಎಂದು ಬೀಗುತ್ತಿದ್ದ. ಚಿಕ್ಕಪ್ಪ ಭೂತಗನ್ನಡಿ ಹಿಡಿದು ಬಗ್ಗಿದರು.

"ಸ್ವಾಮಿ, ಈ ಎರಡನೇ ರಾಡ್ ನಿಮ್ ತಂದೆ ಕಾಲದ್ದಲ್ಲ."

"ಹೋಗ್ಲಿ ಬಿಡಿ ಸಾರ್, ಎಲ್ಲರೆದುರು..." ಆತ ಕೈಯನ್ನೇ ಮುಗಿದ.

"ಬಿಡೋಕೆ ನಾನ್ಯಾರು? ರಾಡೇ ಹೇಳ್ತಿದೆ!"

ಆತ ಮೇಜಿಗೆ ಬಟ್ಟೆ ಮುಚ್ಚಿ ಕೂತುಬಿಟ್ಟ. ತಂದೆಯನ್ನು ಎರಡನೇ ಸಲ ಮಣ್ಣು ಮಾಡಿ ಬಂದವನ ಹಾಗಿತ್ತು ಅವನ ಮುಖ.

ಚಿಕ್ಕಪ್ಪ ತಮಗೂ ವಿನಾಯಿತಿ ಕೊಟ್ಟುಕೊಂಡವರಲ್ಲ. ಆರ್.ಟಿ. ನಗರದ ಆಸ್ಪತ್ರೆಯಲ್ಲಿ ಮಂಡಿ ಬದಲಾಯಿಸಿಕೊಂಡ ಮೇಲೆ ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ, "ಓಡತ್ತೆ ಡಾಕ್ಟ್ರೇ. ಆದ್ರೆ ಇನ್ಮೇಲೆ ನನ್ನನ್ನ ಒರಿಜಿನಲ್ ಅಂತ ಯಾರಿಗೂ ತೋರ್ಸೋ ಹಾಗಿಲ್ಲ" ಎಂದು ನಿಟ್ಟುಸಿರು ಬಿಟ್ಟರು. ನಕ್ಕವನು ನಾನೊಬ್ಬನೇ. ಅವರು ತಮಾಷೆ ಮಾಡಿರಲಿಲ್ಲ.

ಇನ್ನು ನಮ್ಮಿಬ್ಬರ ಜಗಳ. ಅಟ್ಟೂರಿನ ಅವರ ಮನೆಯ ಶೆಡ್ಡಿನಲ್ಲಿರುವ ಕಾರು ನಮ್ಮಪ್ಪನದು. ಅಪ್ಪ ತೀರಿಹೋದಾಗ ನಾನಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ನನಗೆ ನೆನಪಿರುವುದು ಒಂದು ಮಧ್ಯಾಹ್ನ. ಹೆಬ್ಬಾಳದ ಕೆರೆ ಏರಿ, ಎಂಜಿನ್ನಿನೊಳಗೆ ಏನೋ ಮುರಿದ ಸದ್ದು, ಅಪ್ಪ ನನ್ನನ್ನು ಎತ್ತಿಕೊಂಡು ರಸ್ತೆ ಬದಿ ನಿಂತದ್ದು, ಅವರ ಅಂಗಿಯ ಬೆವರಿನ ವಾಸನೆ. ರಾಡು ಮುರಿದಿತ್ತು, ಯಶವಂತಪುರದಲ್ಲಿ ಬೇರೆ ಹಾಕಿಸಿದರು ಎಂದು ಯಾರೋ ಹೇಳಿದ ನೆನಪೂ ಇದೆ. ಅಥವಾ ಅದನ್ನು ನಾನೇ ಸೇರಿಸಿದೆನೋ? ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ ಕಲಿತದ್ದು ಇಷ್ಟು: ನೆನಪು ಹೊರಗೆ ತೆಗೆದಾಗಲೆಲ್ಲ ಸ್ವಲ್ಪ ರಿಪೇರಿಯಾಗಿಯೇ ಒಳಗೆ ಹೋಗುತ್ತದೆ. ಅಮ್ಮನಿಗಂತೂ ಅಂಥದ್ದು ನಡೆದದ್ದೇ ಗೊತ್ತಿಲ್ಲ.

"ಎಲ್ಲಾ ಸುಳ್ಳು" ಎನ್ನುತ್ತಿದ್ದರು ಚಿಕ್ಕಪ್ಪ. "ಅಣ್ಣನ ಕೈಲಿ ಗಾಡಿ ಒಂದ್ಸಲಾನೂ ಕೆಟ್ಟಿಲ್ಲ. ನಾಲ್ಕೂ ರಾಡ್ ಒರಿಜಿನಲ್. ನೀನೆಲ್ಲೋ ಸಿನಿಮಾದಲ್ಲಿ ನೋಡಿರ್ತೀಯ, ಹೋಗೋ!"

ಈ ಸಲ ಅಪ್ಪನ ತಿಥಿಯ ಊಟವಾದ ಮೇಲೆ, "ಬಾರೋ, ಇವತ್ತು ತೀರ್ಮಾನ ಮಾಡ್ಬಿಡೋಣ" ಎಂದು ಶೆಡ್ಡಿಗೆ ಕರೆದೊಯ್ದರು. ಎಂಜಿನ್ ಬಿಚ್ಚಿಸಿ ರಾಡುಗಳನ್ನು ಆಗಲೇ ಹೊರಗೆ ತೆಗೆಸಿಟ್ಟಿದ್ದರು. ಕರಿ ಜಿಡ್ಡು ಹೊದ್ದು ನಾಲ್ಕೂ ಸಾಲಾಗಿ ಮಲಗಿದ್ದವು. ನಾನು ಟಾರ್ಚ್ ಹಿಡಿದೆ. ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರು.

"ಒರಿಜಿನಲ್!" ಮದುವೆಮನೆಯಲ್ಲಿ ಮುಯ್ಯಿ ಕೂಗುವವರ ದನಿ. ಎರಡನೆಯದು, "ಒರಿಜಿನಲ್!" ಮೂರನೆಯದೂ ಅದೇ. ನಾಲ್ಕನೆಯದನ್ನು ಕೈಗೆತ್ತಿಕೊಂಡಾಗ ನಾನು ಟಾರ್ಚಿನ ಬೆಳಕನ್ನು ಪಕ್ಕಕ್ಕೆ ಸರಿಸಿದೆ.

"ನೆಟ್ಟಗೆ ಹಿಡಿಯೋ. ವಡೆ ಜಾಸ್ತಿ ಆಯ್ತಾ?"

"ಚಿಕ್ಕಪ್ಪ, ಇದೂ ಒರಿಜಿನಲ್ ಆದ್ರೆ ಅಪ್ಪ ನನ್ನ ಎತ್ಕೊಂಡಿದ್ದೂ ಸುಳ್ಳಾಗತ್ತೆ. ಅವ್ರದ್ದು ಅಂತ ನಂಗೆ ನೆನಪಿರೋದು ಅದೊಂದೇ."

ಅವರು ಉಜ್ಜುವುದು ನಿಧಾನವಾಯಿತು. ಜಿಡ್ಡು ಬಿಟ್ಟುಕೊಂಡಿತು, ಮಿಕ್ಕ ಮೂರರ ಮೇಲಿದ್ದಂಥದೇ ಉಬ್ಬುಗುರುತು ಸ್ಪಷ್ಟವಾಗಿ ಎದ್ದು ಬಂತು. ನಾನು ನೋಡಿದೆ. ಅವರೂ ನೋಡಿದರು. ಆಮೇಲೆ ಹೆಬ್ಬೆರಳನ್ನು ಅದರ ಮೇಲಿಟ್ಟು ಮುಚ್ಚಿದರು.

"ಇದು ಒರಿಜಿನಲ್ ಅಲ್ಲ" ಎಂದರು.

"ಚಿಕ್ಕಪ್ಪ, ಗುರುತು..."

"ನಿಂಗೇನ್ ಗೊತ್ತೋ ರಾಡಿನ ವಿಷ್ಯ! ಹೆಬ್ಬಾಳದಲ್ಲಿ ಮುರೀತಲ್ಲ, ಆಗ ಹಾಕ್ಸಿದ್ದು."

ಎಲ್ಲವನ್ನೂ ಅನುಮಾನಿಸುವ ನನ್ನ ಬಾಯಿಗೆ ಒಂದೇ ಒಂದು ಪ್ರಶ್ನೆ ಬಂತು. "ನಾನು ಅಳ್ತಿದ್ನಾ ಅವತ್ತು?"

ರಾಡನ್ನು ಬಟ್ಟೆಯಲ್ಲಿ ಸುತ್ತುತ್ತ, ನನ್ನ ಮುಖ ನೋಡದೆ, ಚಿಕ್ಕಪ್ಪ ಹೇಳಿದರು: "ಎಲ್ಲಿ ಅಳೋದು? ನಿಮ್ಮಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ಕೈ ನೋಯ್ತಿದ್ರೂ ಅವನು ನಿನ್ನ ಕೆಳಗಿಳಿಸಲೇ ಇಲ್ಲ."